ಟೈಪಿಂಗ್ ನೆರವು

ಪುಸ್ತಕದ ಮೂರನೆಯ ಪುಟದಲ್ಲಿ ಮುದ್ರಕರಿಗೆ, ಮುಖಪುಟ ಬರೆದವರಿಗೆ, ಗ್ರಂಥಾಲಯ ಮಂಡಳಿಯ ಸದಸ್ಯರಿಗೆಲ್ಲ ಕೃತಜ್ಞತೆ ಹೇಳಿ ಮುಗಿದ ಮೇಲೆ, ಕಟ್ಟಕಡೆಯ ಸಾಲಿನಲ್ಲಿ ಟೀಚರ್ ಹೆಸರಿತ್ತು. ಹೆಸರಿನ ಮುಂದೆ ಎರಡೇ ಪದ: ಟೈಪಿಂಗ್ ನೆರವು.

ಟೀಚರ್ ಅದನ್ನು ನಿಂತುಕೊಂಡೇ ಓದಿದಳು. ಮುಖಪುಟಕ್ಕೆ ಹಿಂದಿರುಗಿ, ಲೇಖಕಿ ಎಂದಿದ್ದ ಜಾಗದಲ್ಲಿ ಅಕ್ಕನ ಹೆಸರನ್ನು ನೋಡಿ, ಮತ್ತೆ ಮೂರನೆಯ ಪುಟಕ್ಕೆ ಬಂದಳು. ಕಣ್ಣು ತಪ್ಪಿರಬಹುದು ಎಂಬ ಆಸೆ ಅಷ್ಟು ಹೊತ್ತು ಇತ್ತು.

ಅಕ್ಕ ಎಂದರೆ ಒಡಹುಟ್ಟಿದವಳಲ್ಲ, ಗ್ರಂಥಪಾಲಕಿ. ಹತ್ತೊಂಬತ್ತು ವರ್ಷಗಳಿಂದ ಇಬ್ಬರದೂ ಒಂದೇ ಕಟ್ಟಡ. ಅಕ್ಕನ ಕೋಣೆ ಮೆಟ್ಟಿಲಿನ ಎಡಕ್ಕೆ, ಟೀಚರ್ ನಡೆಸುವ ತರಬೇತಿ ಕೊಠಡಿ ಬಲಕ್ಕೆ. ಅಲ್ಲಿ ಹದಿಮೂರು ಕಂಪ್ಯೂಟರುಗಳು. ಹನ್ನೆರಡು ಕಲಿಯುವವರಿಗೆ, ಒಂದು ಅವಳಿಗೆ. ಬರುವವರೆಲ್ಲ ದೊಡ್ಡವರು. ಜೀವಮಾನವೆಲ್ಲ ಬೇರೇನೋ ಕೆಲಸ ಮಾಡಿ, ಈಗ ಫೋನು ಕಂಪ್ಯೂಟರುಗಳ ಮುಂದೆ ಕೈಕಾಲು ಬಿಟ್ಟವರು. ಕೆಲವರು ಮೋಸಹೋಗಿ ಬಂದವರು, ಇನ್ನು ಕೆಲವರು ಮೋಸಹೋಗುವ ಮೊದಲೇ ಬಂದ ಜಾಣರು. ಮೌಸನ್ನು ಎತ್ತಿ ಪರದೆಗೆ ಒತ್ತಿದವರಿದ್ದರು. ಪಾಸ್‌ವರ್ಡನ್ನು ಯಾರಿಗೂ ಹೇಳಬಾರದು ಎಂದಾಗ, 'ಹೇಳಲ್ಲ ಟೀಚರ್, ಬರೆದು ಅಂಟಿಸಿದೀನಿ' ಎಂದವರಿದ್ದರು. ಇಂಥವರ ಪ್ರಶ್ನೆಗಳನ್ನೆಲ್ಲ ಅವಳು ಹನ್ನೊಂದು ವರ್ಷ ನೋಟುಬುಕ್ಕುಗಳಲ್ಲಿ ಬರೆದಿಟ್ಟು, ಒಂದೊಂದಕ್ಕೂ ಸರಳ ಉತ್ತರ ಹುಡುಕಿ ಕೈಪಿಡಿ ಮಾಡಿ, ಮಂಡಳಿಯಿಂದ ಅಚ್ಚು ಹಾಕಿಸಲೆಂದು ಅಕ್ಕನ ಕೈಗೆ ಕೊಟ್ಟಿದ್ದಳು. 'ಗಾಬರಿ ಹುಟ್ಟಿಸುವ ಇ-ಮೇಲನ್ನು ಒಂದು ಲೋಟ ನೀರು ಕುಡಿದ ಮೇಲೆ ಓದಿ. ಮೋಸಗಾರನ ಬಂಡವಾಳ ನಿಮ್ಮ ಅವಸರ.' ಈ ಸಾಲಿಗೆ ಅವಳು ಎರಡು ದಿನ ತೆಗೆದುಕೊಂಡಿದ್ದಳು. ಈಗ ಅದು ಐದನೆಯ ಪುಟದಲ್ಲಿ ಅಕ್ಕನ ಮಾತಾಗಿ ಕುಳಿತಿತ್ತು.

ಕೇಳಲು ಹೋದಳು. ಅಕ್ಕ ಕನ್ನಡಕ ತೆಗೆದು ಒರೆಸಿಕೊಂಡಳು. ಮುಖ ತಪ್ಪಿಸಬೇಕಾದಾಗಲೆಲ್ಲ ಅವಳು ಮಾಡುವ ಕೆಲಸ ಅದು.

"ಮಂಡಳಿಯವರಿಗೆ ಗ್ರಂಥಪಾಲಕರ ಹೆಸರೇ ಬೇಕಿತ್ತು ಕಣೆ. ನಿನ್ನ ಹೆಸರು ಹಾಕಿದ್ರೆ ಅಚ್ಚೇ ಆಗ್ತಿರಲಿಲ್ಲ. ಪುಸ್ತಕ ಬಂತಲ್ಲ, ಅದು ಮುಖ್ಯ."

"ಟೈಪಿಂಗ್ ನೆರವು ಅಂತ ಹಾಕಿದೀಯಲ್ಲ ಅಕ್ಕ."

"ಟೈಪ್ ಮಾಡಿದ್ದು ನೀನೇ ತಾನೆ?"

ಅದಾದ ಒಂಬತ್ತನೆಯ ದಿನ ಮಂಡಳಿಯಿಂದ ಆದೇಶ ಬಂತು. ಕೈಪಿಡಿ ಎಲ್ಲ ಶಾಖೆಗಳಿಗೂ ಹೋಗುತ್ತದೆ. ಲೇಖಕಿಯಾದ ಗ್ರಂಥಪಾಲಕಿ ಇನ್ನು ಮುಂದೆ ಎಲ್ಲ ಶಾಖೆಗಳ ತರಬೇತಿ ಮುಖ್ಯಸ್ಥೆ. ಓದಿಯೇ ಕಲಿಯಬಹುದಾದ್ದರಿಂದ ಪ್ರತ್ಯೇಕ ತರಗತಿಯ ಅಗತ್ಯವಿಲ್ಲ. ತರಬೇತಿ ಕೊಠಡಿಯನ್ನು ತಿಂಗಳ ಕೊನೆಗೆ ಮುಚ್ಚುವುದು. ಅವಳು ಬರೆದ ಪುಸ್ತಕವೇ ಅವಳ ಕೆಲಸ ತಿಂದಿತ್ತು.

ಮನೆಯಲ್ಲಿ ಗಂಡ ಹೊಲಿಗೆ ಯಂತ್ರದ ಮೇಲಿಂದ ತಲೆ ಎತ್ತದೆ ಎಲ್ಲ ಕೇಳಿಸಿಕೊಂಡ. ಅವನು ದರ್ಜಿ. ಮಾತಿನಲ್ಲೂ ಅಳತೆ ಮೀರುವವನಲ್ಲ.

"ನೋಟುಬುಕ್ಕುಗಳು ಇದಾವಲ್ಲ. ತಗೊಂಡು ಹೋಗಿ ಮಂಡಳಿ ಅಧ್ಯಕ್ಷರ ಮುಂದೆ ಇಡು."

"ತಾನು ಹೇಳಿದ್ದನ್ನ ನಾನು ಬರಕೊಂಡೆ ಅಂತಾಳೆ ಅಕ್ಕ."

"ಅನ್ನಲಿ. ನೀನೂ ಅನ್ನು."

"ಅವಳ ಬಾಯಿಂದಲೇ ಬರಬೇಕು," ಎಂದಳು ಟೀಚರ್.

ಗಂಡ ಸೂಜಿಗೆ ದಾರ ಪೋಣಿಸುವುದನ್ನು ಅಲ್ಲಿಗೇ ನಿಲ್ಲಿಸಿ ಅವಳನ್ನು ನೋಡಿದ. ಆಗ ಅವಳಿಗೆ, ತಾನು ಈಗಷ್ಟೇ ಹೇಳಿದ ಮಾತಿನಲ್ಲಿ ಒಂದು ಇಡೀ ಉಪಾಯ ಮಡಚಿಕೊಂಡು ಕುಳಿತಿರುವುದು ಕಂಡಿತು.

ಅಕ್ಕನ ಬಾಯಿಂದ ಬರಬೇಕು. ಬಾಯಿ ಎಂದರೆ ಈಗಿನ ಕಾಲದಲ್ಲಿ ಮೇಲ್. ಅಕ್ಕನ ಮೇಲ್‌ನಿಂದ ಅಧ್ಯಕ್ಷರಿಗೆ ಒಂದು ಕಾಗದ ಹೋಗಬೇಕು: ಪುಸ್ತಕ ನನ್ನದಲ್ಲ, ಟೀಚರದ್ದು; ಹುದ್ದೆ ನನಗೆ ಬೇಡ. ಕಳ್ಳತನದಿಂದ ಕಳಿಸಿದರೂ ಅದರಲ್ಲಿ ಒಂದು ಸುಳ್ಳು ಅಕ್ಷರವೂ ಇರುವುದಿಲ್ಲ. ಹೀಗೆ ಯೋಚಿಸಿದಾಗ ಅವಳಿಗೆ ಅದು ಅಪರಾಧವೆಂದು ಅನ್ನಿಸಲೇ ಇಲ್ಲ. ತಿದ್ದುಪಡಿ ಅನ್ನಿಸಿತು.

ಬಾಗಿಲು ಮುರಿಯುವ ಅಗತ್ಯವಿರಲಿಲ್ಲ. ಅಕ್ಕ ಒಂದೇ ಬೆರಳಲ್ಲಿ ಟೈಪ್ ಮಾಡುವವಳು, ಮಾಡುವಾಗ ತುಟಿ ಅಲುಗಾಡಿಸುವವಳು. ಮೇಲ್ ತೆರೆಯುವಾಗ ಆ ತುಟಿಗಳು 'ನಮ್ಮ ಮನೆಯ ನೀಲಿ ಬಾಗಿಲು' ಎನ್ನುವುದನ್ನು ಟೀಚರ್ ಎಷ್ಟೋ ಸಲ ಕಂಡಿದ್ದಳು. ಅದು ಕೈಪಿಡಿಯ ಹದಿನಾಲ್ಕನೆಯ ಪುಟದ ಉದಾಹರಣೆ. ನಿಮಗೆ ಮಾತ್ರ ಗೊತ್ತಿರುವ ಒಂದು ವಾಕ್ಯ ಆರಿಸಿ, ಪ್ರತಿ ಪದದ ಮೊದಲಕ್ಷರ ತೆಗೆದುಕೊಳ್ಳಿ, ನಡುವೆ ಅಂಕೆ ಸೇರಿಸಿ ಎಂದು ವಿವರಿಸಿ, 'ನಮ್ಮ ಮನೆಯ ನೀಲಿ ಬಾಗಿಲು ಮಳೆಗಾಲದಲ್ಲಿ ಉಬ್ಬುತ್ತದೆ' ಎಂದು ಅಂಕೆಗಳ ಸಮೇತ ಕೊಟ್ಟು, ಕೆಳಗೆ ದಪ್ಪ ಅಕ್ಷರದಲ್ಲಿ ಬರೆದಿದ್ದಳು: ಈ ಉದಾಹರಣೆಯನ್ನೇ ಇಟ್ಟುಕೊಳ್ಳಬೇಡಿ. ಲೇಖಕಿ ತನ್ನ ಪುಸ್ತಕವನ್ನು ಆ ಕೆಳಗಿನ ಸಾಲಿನವರೆಗೆ ಓದಿರಲಿಲ್ಲ.

ಇದೇ ಉಪಾಯದ ಸೊಗಸು. ಕಾಗದ ನನ್ನದಲ್ಲ ಎಂದು ಅಕ್ಕ ಹೇಳಿದರೆ, ನಿಮ್ಮ ಪಾಸ್‌ವರ್ಡ್ ಬೇರೆಯವರಿಗೆ ಹೇಗೆ ಸಿಕ್ಕಿತು ಎಂಬ ಪ್ರಶ್ನೆ ಬರುತ್ತದೆ. ಆ ಪ್ರಶ್ನೆಗೆ ನಿಜವಾದ ಉತ್ತರ ಕೊಟ್ಟರೆ, ಕಂಪ್ಯೂಟರ್ ಸುರಕ್ಷತೆಯ ಲೇಖಕಿ ತನ್ನದೇ ಪುಸ್ತಕದಲ್ಲಿ ಅಚ್ಚಾದ ಪಾಸ್‌ವರ್ಡನ್ನು ಇಟ್ಟುಕೊಂಡಿದ್ದಳು ಎಂದಾಗುತ್ತದೆ. ಒಪ್ಪಿಕೊಂಡರೂ ಪುಸ್ತಕ ಹೋಯಿತು, ಅಲ್ಲಗಳೆದರೂ ಹೋಯಿತು.

ಜಾಗದ ಬಗ್ಗೆ ಎರಡು ದಿನ ಯೋಚಿಸಿದಳು. ಬಸ್ ನಿಲ್ದಾಣದ ಹತ್ತಿರದ ಅಂಗಡಿಯಲ್ಲಿ ಗಂಟೆಗೆ ಇಷ್ಟು ಎಂದು ಕಂಪ್ಯೂಟರ್ ಕೊಡುತ್ತಿದ್ದರು. ಆದರೆ ಅಲ್ಲಿ ಬಾಗಿಲ ಮೇಲೆ ಕ್ಯಾಮೆರಾ ಇತ್ತು, ಹೆಸರು ಬರೆಸಿಕೊಳ್ಳುತ್ತಿದ್ದರು. ಅದಕ್ಕಿಂತ ಒಳ್ಳೆಯ ಜಾಗ ಗ್ರಂಥಾಲಯವೇ. ಕಟ್ಟಡದ ಕಂಪ್ಯೂಟರುಗಳೆಲ್ಲ ಹೊರಜಗತ್ತಿಗೆ ಹೋಗುವುದು ಒಂದೇ ದಾರಿಯಲ್ಲಿ. ನಾಳೆ ಯಾರಾದರೂ ಜಾಡು ಹಿಡಿದು ಬಂದರೂ ಅದು ಈ ಕಟ್ಟಡದ ಹೊಸ್ತಿಲಿಗೆ ಬಂದು ನಿಲ್ಲುತ್ತದೆ. ಅಕ್ಕ ಕೂಡ ಇದೇ ಹೊಸ್ತಿಲ ಒಳಗಿನವಳು.

ಹೊತ್ತು ತಾನಾಗಿ ಒದಗಿತು. ಪ್ರತಿ ಶುಕ್ರವಾರ ಹನ್ನೊಂದರಿಂದ ಹನ್ನೊಂದೂವರೆಯವರೆಗೆ ಅಕ್ಕ ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬಳೇ ವಾರದ ವರದಿ ಬರೆಯುತ್ತಾಳೆ. ಅದೇ ಹೊತ್ತಿಗೆ ಟೀಚರ್ ಹನ್ನೆರಡು ಜನರ ಎದುರಿಗೆ ತರಗತಿಯಲ್ಲಿರುತ್ತಾಳೆ. ಅವರಿಗೆ ಇಪ್ಪತ್ತು ನಿಮಿಷದ ಟೈಪಿಂಗ್ ಅಭ್ಯಾಸ ಕೊಟ್ಟರೆ ಒಬ್ಬರೂ ಕೀಲಿಮಣೆಯಿಂದ ಕಣ್ಣು ತೆಗೆಯುವುದಿಲ್ಲ. ಒಂದೊಂದು ಅಕ್ಷರ ಸಿಕ್ಕಾಗಲೂ ಕಳೆದುಹೋದ ಉಂಗುರ ಸಿಕ್ಕಷ್ಟು ಸಂತೋಷ ಪಡುವವರು ಅವರು. ಆ ಹೊತ್ತಿನಲ್ಲಿ ಟೀಚರ್ ಎಲ್ಲಿದ್ದಳು ಎಂದು ಕೇಳಿದರೆ ಹನ್ನೆರಡು ಬಾಯಿ ಒಂದೇ ಮಾತು ಹೇಳುತ್ತವೆ: ನಮ್ಮ ಮುಂದೆಯೇ ಕೂತಿದ್ದರು. ಜೊತೆಗೆ, ಬರುವ ಶುಕ್ರವಾರವೇ ಹನ್ನೆರಡು ಗಂಟೆಗೆ ಮೇಲಿನ ಮಹಡಿಯಲ್ಲಿ ಮಂಡಳಿಯ ಸಭೆ. ಕಾಗದ ತಲುಪಿ ಆರಿಹೋಗಲು ಸಮಯವಿರುವುದಿಲ್ಲ.

ಕಾಗದವನ್ನು ಮನೆಯಲ್ಲಿ ಕೈಯಲ್ಲೇ ಬರೆದು, ಬಾಯಿಪಾಠ ಮಾಡಿ, ಹರಿದುಹಾಕಿದಳು. ಅಕ್ಕನ ಶೈಲಿ ಅವಳಿಗೆ ತನ್ನದಕ್ಕಿಂತ ಚೆನ್ನಾಗಿ ಗೊತ್ತಿತ್ತು. 'ತಮ್ಮ ಅವಗಾಹನೆಗೆ' ಎಂದು ಶುರು, ಎರಡು ವಾಕ್ಯಕ್ಕೊಂದು 'ಅಂತೆಯೇ', ಕೊನೆಗೆ ವಿಶ್ವಾಸಿ ಎಂಬುದಕ್ಕೆ ಒಂದು ಅನಗತ್ಯ ದೀರ್ಘ.

ಶುಕ್ರವಾರ ಬೆಳಿಗ್ಗೆ ತರಗತಿ ಎಂದಿನಂತೆ ನಡೆಯಿತು. ಹನ್ನೊಂದು ಗಂಟೆಗೆ ಎದುರಿನ ಕೋಣೆಯ ಬಾಗಿಲು ಮುಚ್ಚಿದ ಸದ್ದಾಯಿತು. ಟೀಚರ್ ಪತ್ರಿಕೆಯ ಒಂದು ತುಣುಕನ್ನು ಎಲ್ಲರಿಗೂ ಹಂಚಿ, ಪೂರ್ತಿ ಟೈಪ್ ಮಾಡಿ ಎಂದಳು. ತನ್ನ ಕಂಪ್ಯೂಟರಿನಿಂದ ಗೋಡೆಯ ಮೇಲೆ ಚಿತ್ರ ಬಿಡುವ ಪ್ರೊಜೆಕ್ಟರಿನ ಸ್ವಿಚ್ಚನ್ನು ಆರಿಸಿದಳು. ಸಾಲದೆಂದು ತಂತಿಯನ್ನೂ ಕಿತ್ತಿಟ್ಟಳು. ಗೋಡೆ ಬೆಳ್ಳಗಿರುವುದನ್ನು ಎರಡು ಸಲ ತಿರುಗಿ ನೋಡಿ ಖಾತ್ರಿ ಮಾಡಿಕೊಂಡಳು. ಆಮೇಲೆ ನೀಲಿ ಬಾಗಿಲಿನ ಅಕ್ಷರಗಳನ್ನು ಒತ್ತಿದಳು.

ಒಂದೇ ಸಲಕ್ಕೆ ತೆರೆಯಿತು.

ನೇರವಾಗಿ ಕಾಗದ ಬರೆದು ಹೊರಬರುವುದು ಅವಳ ಲೆಕ್ಕ. ಆದರೆ ಅಧ್ಯಕ್ಷರ ವಿಳಾಸಕ್ಕಾಗಿ ಎರಡಕ್ಷರ ಒತ್ತುತ್ತಲೇ ಅಕ್ಕ ಅವರಿಗೆ ಹಿಂದೆ ಬರೆದದ್ದೆಲ್ಲ ಸಾಲಾಗಿ ಬಂದು ನಿಂತಿತು. ಎಂಟು ತಿಂಗಳ ಹಿಂದಿನ ಒಂದನ್ನು ಅವಳು ತೆರೆದಳು.

'ಕೈಪಿಡಿ ಪೂರ್ತಿ ನನ್ನದೇ. ತರಗತಿಯ ಟೀಚರು ಟೈಪ್ ಮಾಡಿಕೊಟ್ಟಿದ್ದಾರೆ. ಅವರು ಒಳ್ಳೆಯವರೇ, ಆದರೆ ಇತ್ತೀಚೆಗೆ ತಾಳ್ಮೆ ಕಡಿಮೆಯಾಗಿದೆ. ಕಲಿಯುವವರು ಅವರಿಗೆ ಹೆದರುತ್ತಾರೆ. ಅಂತೆಯೇ ಪುಸ್ತಕ ಬಂದ ಮೇಲೆ ತರಗತಿಯನ್ನು ನಿಲ್ಲಿಸುವುದು ಅವರಿಗೂ ಗೌರವ.'

ಮೇಲೆ ದಿನಾಂಕವಿತ್ತು. ಗಂಡನ ಕಣ್ಣಿನ ಶಸ್ತ್ರಚಿಕಿತ್ಸೆಯ ದಿನ. ಮಧ್ಯಾಹ್ನ ಮೂರೂ ಕಾಲು. ಆ ಹೊತ್ತಿನಲ್ಲಿ ಅಕ್ಕ ಆಸ್ಪತ್ರೆಯ ಮೊಗಸಾಲೆಯಲ್ಲಿ ಟೀಚರ್ ಪಕ್ಕದಲ್ಲೇ ಕುಳಿತಿದ್ದಳು. ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಟ್ಟು, ಒಂದು ಕೈಯಿಂದ ಅವಳ ಬೆನ್ನು ಸವರುತ್ತ, ಇನ್ನೊಂದು ಕೈಯಲ್ಲಿ ಫೋನಿನ ಮೇಲೆ ಏನನ್ನೋ ಒತ್ತುತ್ತಿದ್ದಳು. 'ಬರೋದು ತಡ ಆಗತ್ತೆ ಅಂತ ಮನೆಗೆ ತಿಳಿಸ್ತಿದೀನಿ' ಎಂದಿದ್ದಳು. ನನಗಾಗಿ ಎಷ್ಟು ತೊಂದರೆ ತಗೊಳ್ತಾಳಲ್ಲ ಎಂದು ಟೀಚರ್ ಕಣ್ಣು ಒರೆಸಿಕೊಂಡಿದ್ದಳು.

ಪುಸ್ತಕ ಹೋದದ್ದಕ್ಕೆ ಸಿಟ್ಟು ಬಂದಿತ್ತು. ಇದಕ್ಕೆ ಸಿಟ್ಟೂ ಬರಲಿಲ್ಲ. ಬೆನ್ನ ಮೇಲೆ ಆ ಕೈ ಇದ್ದ ಜಾಗ ತಣ್ಣಗಾಯಿತು, ಅಷ್ಟೆ. ಎದುರಿಗೆ ಹನ್ನೆರಡು ತಲೆಗಳು ಕೀಲಿಮಣೆಗೆ ಬಾಗಿದ್ದವು. ಅವರಲ್ಲಿ ಯಾರು ನನಗೆ ಹೆದರುತ್ತಾರೆ ಎಂದು ಒಂದೊಂದೇ ಮುಖ ನೋಡಿದಳು. ಹಿಂದಿನ ಸಾಲಿನ ನರ್ಸಮ್ಮ ನಕ್ಕು, "ಟೀಚರ್, ನನ್ನ 'ಕ್ಷ' ಎಲ್ಲೋ ತಪ್ಪಿಸಿಕೊಂಡಿದೆ," ಎಂದಳು.

"ಹುಡುಕಿ, ಅಲ್ಲೇ ಇರತ್ತೆ," ಎಂದಳು ಟೀಚರ್.

ಬಾಯಿಪಾಠವಾಗಿದ್ದ ಕಾಗದವನ್ನು ನಾಲ್ಕು ನಿಮಿಷದಲ್ಲಿ ಟೈಪ್ ಮಾಡಿದಳು. 'ತಮ್ಮ ಅವಗಾಹನೆಗೆ. ಕೈಪಿಡಿಯ ಒಂದು ಸಾಲೂ ನನ್ನದಲ್ಲ. ಅಂತೆಯೇ ಅದನ್ನು ಹನ್ನೊಂದು ವರ್ಷದ ಶ್ರಮದಿಂದ ಬರೆದವರು ನಮ್ಮ ತರಬೇತಿ ಕೊಠಡಿಯ ಟೀಚರು. ನನ್ನ ಮನಸ್ಸಾಕ್ಷಿ ಒಪ್ಪದ ಕಾರಣ ಹುದ್ದೆಯನ್ನು ಸ್ವೀಕರಿಸಲಾರೆ.' ಅನಗತ್ಯ ದೀರ್ಘವನ್ನೂ ಹಾಕಿದಳು. ಹನ್ನೊಂದು ಗಂಟೆ ಹದಿನಾಲ್ಕು ನಿಮಿಷಕ್ಕೆ ಕಳಿಸಿದಳು.

ನಂತರದ ಕೆಲಸ ಅವಳಿಗೆ ನೀರು ಕುಡಿದಷ್ಟು ಸಲೀಸು. ಹೊಸ ಕಂಪ್ಯೂಟರಿನಿಂದ ಯಾರಾದರೂ ಒಳಬಂದರೆ ಮಂಡಳಿಯ ಮೇಲ್ ವ್ಯವಸ್ಥೆ ತಾನಾಗಿ ಒಂದು ಎಚ್ಚರಿಕೆ ಕಳಿಸುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಕೈಪಿಡಿಯ ಮೂವತ್ತೊಂದನೆಯ ಪುಟ ಅದರ ಬಗ್ಗೆಯೇ. ಅಕ್ಕನ ಪೆಟ್ಟಿಗೆಗೆ ಬಂದಿದ್ದ ಆ ಎಚ್ಚರಿಕೆಯನ್ನು ಅಳಿಸಿದಳು. ಕಸದ ಬುಟ್ಟಿಗೆ ಹೋಗಿ ಅಲ್ಲಿಂದಲೂ ಅಳಿಸಿದಳು. ಖಾತೆಯಿಂದ ಹೊರಬಂದಳು. ನೋಡಿದ ಪುಟಗಳ ನೆನಪನ್ನೆಲ್ಲ ಕಂಪ್ಯೂಟರಿನಿಂದ ಒರೆಸಿದಳು. ಎದ್ದು ನರ್ಸಮ್ಮನ ಬಳಿ ಹೋಗಿ 'ಕ್ಷ' ಹುಡುಕಿಕೊಟ್ಟಳು.

ಹನ್ನೊಂದು ಮುಕ್ಕಾಲಿಗೆ ಬಾಗಿಲಲ್ಲಿ ಮಂಡಳಿಯ ಅಧ್ಯಕ್ಷರು ಕಾಣಿಸಿಕೊಂಡರು. ವಕೀಲಿಕೆಯಿಂದ ನಿವೃತ್ತರಾದ ಮನುಷ್ಯ, ಕೈಯಲ್ಲಿ ಫೋನು. ಅವರ ಹಿಂದೆ ಅಕ್ಕ. ಅವಳ ಮುಖ ಸುಣ್ಣದ ಹಾಗಿತ್ತು.

"ತರಗತಿ ಮಧ್ಯೆ ಬಂದೆ, ಕ್ಷಮಿಸಿ," ಎಂದು ಅಧ್ಯಕ್ಷರು ಒಳಬಂದರು. "ಟೀಚರ್, ಒಂದೇ ಪ್ರಶ್ನೆ. ಈ ಕೈಪಿಡಿ ಬರೆದದ್ದು ಯಾರು?"

ಇಡೀ ಕೊಠಡಿಯಲ್ಲಿ ಟೈಪಿಂಗ್ ನಿಂತಿತು.

"ನಾನು," ಎಂದಳು ಟೀಚರ್.

"ಇವರೂ ಹಾಗೇ ಬರೆದು ಕಳಿಸಿದಾರೆ. ಈಗ ಕೇಳಿದ್ರೆ ಕಳಿಸಿಲ್ಲ ಅಂತಾರೆ."

"ನಾನು ಕಳಿಸಿಲ್ಲ ಸರ್," ಎಂದಳು ಅಕ್ಕ. "ಬಾಗಿಲು ಹಾಕ್ಕೊಂಡು ವರದಿ ಬರೀತಿದ್ದೆ."

"ಒಬ್ಬರೇ ಇದ್ರಾ?"

"ಒಬ್ಬಳೇ."

"ನಿಮ್ಮ ಪಾಸ್‌ವರ್ಡ್ ಇನ್ಯಾರಿಗಾದ್ರೂ ಗೊತ್ತಾ?"

ಅಕ್ಕನ ಕೈ ಕನ್ನಡಕದ ಕಡೆಗೆ ಹೋಯಿತು. "ಇಲ್ಲ," ಎಂದಳು ಕೊನೆಗೆ.

ಅಧ್ಯಕ್ಷರು ಫೋನನ್ನು ಜೇಬಿಗೆ ಹಾಕಿದರು. "ಬರೆದ ಮೇಲೆ ಹೆದರಿಕೆ ಆಗೋದು ಸಹಜ ಮೇಡಂ. ಆದ್ರೆ ಬರೆದದ್ದು ದೊಡ್ಡತನ. ಅದನ್ನ ಹಿಂದಕ್ಕೆ ತಗೋಬೇಡಿ." ಆಮೇಲೆ ಟೀಚರ್ ಕಡೆ ತಿರುಗಿದರು. "ಹನ್ನೆರಡಕ್ಕೆ ನೀವೂ ಮೇಲೆ ಬನ್ನಿ. ನೋಟುಬುಕ್ಕು ಏನಾದ್ರೂ ಇದ್ರೆ ತನ್ನಿ. ಈ ಕೊಠಡಿ ಮುಚ್ಚೋ ವಿಚಾರ ಮತ್ತೆ ನೋಡೋಣ."

ಅಕ್ಕ ಆಗ ಟೀಚರನ್ನು ನೋಡಿದಳು. ಮಾಡಿದವಳು ಇವಳೇ ಎಂದು ಅವಳಿಗೆ ಗೊತ್ತಾಗಿತ್ತು; ಗೊತ್ತಾಗಿದೆಯೆಂದು ಹೇಳುವ ದಾರಿ ಮಾತ್ರ ಇರಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ಇಬ್ಬರ ನಡುವೆ ಒಂದು ಸತ್ಯ ಪೂರ್ತಿಯಾಗಿ ನಿಂತಿತ್ತು. ಟೀಚರ್ ಗೆದ್ದ ಖುಷಿ ಬಂದೀತೆಂದು ಕಾದಳು. ಬಂದದ್ದು ಆಸ್ಪತ್ರೆಯ ಚಹಾದ ರುಚಿ.

"ಹತ್ತು ನಿಮಿಷ ಇದೆಯಲ್ಲ," ಎಂದು ಅಧ್ಯಕ್ಷರು ಖಾಲಿ ಕುರ್ಚಿಯೊಂದನ್ನು ಎಳೆದುಕೊಂಡರು. "ನಡೆಸಿ, ನಾನೂ ಸ್ವಲ್ಪ ಕಲೀತೀನಿ."

ತರಗತಿಯ ಕೊನೆಗೆ ಪ್ರತಿದಿನ ಒಂದೇ ಪಾಠ. ಅಭ್ಯಾಸಕ್ಕೆಂದು ತರಗತಿಗೇ ಒಂದು ಮೇಲ್ ವಿಳಾಸವಿತ್ತು. ಅದಕ್ಕೆ ಲೋಕದ ಮೋಸಗಾರರೆಲ್ಲ ದಿನಾ ಧಾರಾಳವಾಗಿ ಬರೆಯುತ್ತಿದ್ದರು. ಒಬ್ಬರು ಮುಂದೆ ಬಂದು ಪಟ್ಟಿಯಲ್ಲಿ ಮೊದಲಿಗಿರುವ ಮೇಲನ್ನು ಗೋಡೆಯ ಮೇಲೆ ತೆರೆದು, ಗಟ್ಟಿಯಾಗಿ ಓದಿ, ಅದು ಅಸಲಿಯೋ ನಕಲಿಯೋ ಎಂದು ಹೇಳಬೇಕು. ಇವತ್ತು ಬಸ್ ಕಂಡಕ್ಟರ್ ಆಗಿ ನಿವೃತ್ತನಾದ ಹಿರಿಯನ ಸರದಿ. ಟೀಚರ್ ತಂತಿ ಸಿಕ್ಕಿಸಿ ಪ್ರೊಜೆಕ್ಟರ್ ಹಾಕಿದಳು. ಕಂಡಕ್ಟರ್ ಗಂಟಲು ಸರಿಮಾಡಿಕೊಂಡು, ನಿಲ್ದಾಣಗಳ ಹೆಸರು ಕೂಗುವ ಧಾಟಿಯಲ್ಲೇ ಶುರುಮಾಡಿದ.

"'ಗ್ರಂಥಾಲಯ ಮಂಡಳಿ ಮೇಲ್ ಸೇವೆ. ಎಚ್ಚರಿಕೆ. ಗ್ರಂಥಪಾಲಕಿ ಅವರ ಖಾತೆಗೆ ಇಂದು ಹನ್ನೊಂದು ಗಂಟೆ ಆರು ನಿಮಿಷಕ್ಕೆ ಹೊಸ ಕಂಪ್ಯೂಟರಿನಿಂದ ಪ್ರವೇಶವಾಗಿದೆ. ಕಂಪ್ಯೂಟರಿನ ಹೆಸರು: ತರಬೇತಿ ಕೊಠಡಿ, ಟೀಚರ್ ಮೇಜು.' ಲಿಂಕ್ ಒತ್ತಿ ಅಂದಿಲ್ಲ, ಪಾಸ್‌ವರ್ಡ್ ಕೇಳಿಲ್ಲ, ಕಳಿಸಿದವರ ವಿಳಾಸ ಸರಿಯಾಗಿದೆ," ಎಂದು ಕಂಡಕ್ಟರ್ ಬೆರಳು ಮಡಚುತ್ತ ಎಣಿಸಿದ. "ಇದು ಅಸಲಿ, ಟೀಚರ್." ಅಧ್ಯಕ್ಷರು ಕುರ್ಚಿಯಿಂದ ನಿಧಾನವಾಗಿ ಎದ್ದರು. ಟೀಚರ್ ಗೋಡೆಯನ್ನೇ ನೋಡುತ್ತಿದ್ದಳು. ಪತ್ರದ ಅಡಿಯಲ್ಲಿ, ಕಂಡಕ್ಟರ್ ಓದದೆ ಬಿಟ್ಟ ಸಣ್ಣ ಅಕ್ಷರದ ಸಾಲೊಂದಿತ್ತು: 'ಖಾತೆದಾರರು ಕೊಟ್ಟಿರುವ ಎರಡನೆಯ ವಿಳಾಸಕ್ಕೆ ಈ ಪ್ರತಿ.' ಹನ್ನೊಂದು ವರ್ಷದ ಹಿಂದೆ ಎಲ್ಲ ಸಿಬ್ಬಂದಿಗೂ ಮಂಡಳಿ ಹೊಸದಾಗಿ ಮೇಲ್ ಕೊಟ್ಟಾಗ, ಏನೂ ತಿಳಿಯದ ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವಳ ಖಾತೆಯನ್ನು ತೆರೆದುಕೊಟ್ಟದ್ದು ಟೀಚರೇ. ಎರಡನೆಯ ವಿಳಾಸ ಬರೆಯದೆ ಅರ್ಜಿ ಮುಂದಕ್ಕೆ ಹೋಗುವುದಿಲ್ಲ ಎಂದು ಪರದೆ ಹಟ ಹಿಡಿದಾಗ, ಅಕ್ಕನಿಗೆ ಬೇರೊಂದು ವಿಳಾಸವೇ ಇರಲಿಲ್ಲವಾದ್ದರಿಂದ, ಆಮೇಲೆ ಬದಲಾಯಿಸಿದರಾಯಿತು ಎಂದುಕೊಂಡು ಆ ಖಾಲಿ ಚೌಕದಲ್ಲಿ ತರಗತಿಯ ವಿಳಾಸವನ್ನು ತುಂಬಿಸಿದ್ದೂ ಅವಳೇ.